ಸಿಗ್ನಲ್‌ನಲ್ಲಿ ನಡುಗುವ ಹಳೇ ಕಾರು: ಕಾರ್ಬುರೇಟರ್ ಬಿಚ್ಚುವ ಮೊದಲು

ಹಳೇ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೆ ಇದು ಗೊತ್ತು. ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಸಿಗ್ನಲ್ ಕೆಂಪಾಯಿತು, ನಿಲ್ಲಿಸಿದಿರಿ. ಅಲ್ಲಿಂದ ಶುರು. ಸ್ಟೀರಿಂಗ್ ನಡುಗುತ್ತದೆ. ಕನ್ನಡಿಯಲ್ಲಿ ಹಿಂದಿನ ಆಟೋ ಎರಡೆರಡಾಗಿ ಕಾಣುತ್ತದೆ. ಎಂಜಿನ್ ಇನ್ನೇನು ನಿಂತೇ ಹೋಯಿತು ಅನ್ನುವಾಗ ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಹೋಗುತ್ತದೆ. ಹಸಿರು ಬಂದು ಹೊರಟರೆ ಮತ್ತೆ ಎಲ್ಲ ಸರಿ.

ಗ್ಯಾರೇಜಿನಲ್ಲಿ ಬಹಳ ಸಲ ಸಿಗುವ ಉತ್ತರ ಒಂದೇ. "ಕಾರ್ಬೇಟರ್ ಬಿಚ್ಚಿ ಕ್ಲೀನ್ ಮಾಡ್ಬೇಕು ಸಾರ್." ನಮ್ಮಪ್ಪನ 1985ರ ಪದ್ಮಿನಿಯ ಕಾರ್ಬುರೇಟರನ್ನು ಹೀಗೆ ಒಂದೇ ವರ್ಷದಲ್ಲಿ ಮೂರು ಸಲ ಬಿಚ್ಚಿಸಿದ್ದೇವೆ. ಪ್ರತಿ ಸಲವೂ ಎರಡು ವಾರ ಸರಿ ಇದ್ದು ಆಮೇಲೆ ಮೊದಲಿಗಿಂತ ಜಾಸ್ತಿ ನಡುಗುತ್ತಿತ್ತು. ಯಾಕೆ ಅನ್ನುವುದು ಆಮೇಲೆ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಓಡುವಾಗ ಸರಿ ಇರುವ ಎಂಜಿನ್ ನಿಂತಾಗ ಮಾತ್ರ ಯಾಕೆ ತೊಂದರೆ ಕೊಡುತ್ತದೆ?

ನಿಂತಾಗ ಮಾತ್ರ ಯಾಕೆ?

ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಫ್ಲಿಟ್ ಹೊಡೆಯುವ ಕೈಪಂಪ್ ಇರುತ್ತಿತ್ತಲ್ಲ, ಹಿಡಿಕೆ ತಳ್ಳಿದರೆ ಗಾಳಿ ರಭಸದಿಂದ ನುಗ್ಗಿ, ಕೆಳಗಿನ ಡಬ್ಬಿಯಿಂದ ಔಷಧಿಯನ್ನು ಸೆಳೆದು ತುಂತುರಾಗಿ ಎರಚುತ್ತಿತ್ತು. ಕಾರ್ಬುರೇಟರ್ ಮಾಡುವುದೂ ಅದೇ ಕೆಲಸ. ಎಂಜಿನ್ ಗಾಳಿ ಎಳೆಯುತ್ತದೆ. ಕಾರ್ಬುರೇಟರಿನ ಸಣ್ಣ ಸೊಂಟದಲ್ಲಿ ಹಾಯುವಾಗ ಆ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ತೊಟ್ಟಿಯಲ್ಲಿರುವ ಪೆಟ್ರೋಲ್ ಮೇಲೆ ಹೊರಗಿನ ಗಾಳಿಯ ಪೂರ್ತಿ ಒತ್ತಡ ಇರುತ್ತದೆ. ಹಾಗಾಗಿ ಪೆಟ್ರೋಲ್ ಮೇಲೆದ್ದು ಗಾಳಿಯ ಜೊತೆ ಹೊರಡುತ್ತದೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಈ ಲೆಕ್ಕದಲ್ಲಿ ಪೆಟ್ರೋಲ್ ಜಾಸ್ತಿಯಾದರೆ ಗ್ಯಾರೇಜಿನ ಭಾಷೆಯಲ್ಲಿ 'ರಿಚ್', ಕಡಿಮೆಯಾದರೆ 'ಲೀನ್'.

ನೀವು ಆಕ್ಸಿಲರೇಟರ್ ಬಿಟ್ಟ ಕೂಡಲೇ ಈ ಏರ್ಪಾಡು ಮಲಗಿಬಿಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತೆರೆದು ಗಾಳಿಗೆ ದಾರಿ ಬಿಡುವ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಸೊಂಟದಲ್ಲಿ ಹಾಯುವ ಗಾಳಿ ಎಷ್ಟು ಕಡಿಮೆ ಅಂದರೆ ಒಂದು ತೊಟ್ಟು ಪೆಟ್ರೋಲನ್ನೂ ಅದು ಎತ್ತಲಾರದು. ಆದರೆ ಮುಚ್ಚಿದ ತಟ್ಟೆಯ ಕೆಳಗೆ, ಎಂಜಿನ್ ಕಡೆಗೆ, ಎಳೆತ ಭಾರೀ ಜೋರಾಗಿರುತ್ತದೆ. ಅದಕ್ಕೇ ಅಲ್ಲೊಂದು ಸಣ್ಣ ತೂತು ಕೊಟ್ಟಿರುತ್ತಾರೆ. ಪೈಲಟ್ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡಿನಿಂದ ಬಂದ ಪೆಟ್ರೋಲ್, ಸ್ವಲ್ಪ ಗಾಳಿಯ ಜೊತೆ ಬೆರೆತು, ಈ ತೂತಿನಿಂದ ಇಳಿಯುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಅದಕ್ಕೆ ಸಿಗುವ ಊಟ ಇಷ್ಟೇ.

ಪದ್ಮಿನಿಯಲ್ಲಿ ಇರುವುದು 1089 ಸಿಸಿ ಎಂಜಿನ್, ಅದರ ಮೇಲೆ ಒಂದು ಸೋಲೆಕ್ಸ್ ಕಾರ್ಬುರೇಟರ್. ಸೋಲೆಕ್ಸ್ ಜೆಟ್‌ನ ಮೇಲಿನ ನಂಬರ್ ಅಂದರೆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 45 ಎಂದಿದ್ದರೆ 0.45 ಮಿ.ಮೀ. ಐದಾರು ತಲೆಗೂದಲನ್ನು ಪಕ್ಕಪಕ್ಕ ಇಟ್ಟಷ್ಟು ಅಗಲ. ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣ ಕಸ ಬಂದು ಕೂತರೂ ಊಟ ಬಂದ್.

ಊರ ಗಣೇಶೋತ್ಸವದಲ್ಲಿ ನಿಧಾನ ಸೈಕಲ್ ಸ್ಪರ್ಧೆ ಮಾಡುತ್ತಾರಲ್ಲ, ಐಡ್ಲಿಂಗ್ ಅಂಥದ್ದು. ಜೋರಾಗಿ ತುಳಿಯುವಾಗ ಹ್ಯಾಂಡಲ್ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ. ನಿಧಾನಕ್ಕೆ ಹೋಗುವಾಗ ಎಲ್ಲ ಸೊಟ್ಟವೂ ಬಯಲಾಗುತ್ತದೆ. 800 ಆರ್‌ಪಿಎಂನಲ್ಲಿ ಎಂಜಿನ್ನಿಗೆ ಶಕ್ತಿಯೂ ಕಡಿಮೆ, ವೇಗದ ಬಲವೂ ಇಲ್ಲ. ಕಿಡಿ ಸ್ವಲ್ಪ ದುರ್ಬಲ, ಒಂದು ವಾಲ್ವ್ ಸ್ವಲ್ಪ ಬಿಗಿ, ಎಲ್ಲೋ ಸ್ವಲ್ಪ ಗಾಳಿ ಸೋರಿಕೆ, ಯಾವುದಿದ್ದರೂ ಇಲ್ಲೇ ಕಾಣುತ್ತದೆ. ಹಾಗಾಗಿ ನಡುಗುವುದೆಲ್ಲ ಕಾರ್ಬುರೇಟರ್ ತಪ್ಪಲ್ಲ.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಬಾನೆಟ್ ಎತ್ತಿ ಒಂದು ನಿಮಿಷ ಸುಮ್ನೆ ಕೇಳಿ. ನಡುಕ ಎರಡು ಥರ ಇರುತ್ತದೆ.

ಒಂದು, ತಾಳ ತಪ್ಪಿದರೂ ಪ್ರತಿ ಆವರ್ತದಲ್ಲೂ ಒಂದೇ ಕಡೆ ತಪ್ಪುವುದು. ಟಕ್ ಟಕ್ ಟಕ್ ಖಾಲಿ, ಟಕ್ ಟಕ್ ಟಕ್ ಖಾಲಿ. ಇದನ್ನು 'ಮಿಸ್ಸಿಂಗ್' ಅನ್ನುತ್ತಾರೆ. ಸೈಲೆನ್ಸರ್ ಬಾಯಿಗೆ ಕೈ ಹಿಡಿದರೆ ಉಸಿರು ಒಂದೇ ಲೆಕ್ಕದಲ್ಲಿ ತಪ್ಪುವುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸಕ್ಕೆ ರಜೆ ಹಾಕಿದೆ ಎಂದರ್ಥ. ಈಗ ಯೋಚಿಸಿ, ನಾಲ್ಕಕ್ಕೂ ಬಡಿಸುವುದು ಒಂದೇ ಕಾರ್ಬುರೇಟರ್. ಅಡುಗೆ ಕೆಟ್ಟಿದ್ದರೆ ಪಂಕ್ತಿಯಲ್ಲಿ ಕೂತವರೆಲ್ಲ ಮುಖ ಸಿಂಡರಿಸಬೇಕು. ಒಬ್ಬನೇ ಸಿಂಡರಿಸಿದರೆ ತೊಂದರೆ ಅವನ ಹೊಟ್ಟೆಯದು, ಅಲ್ವಾ? ಹಾಗಾಗಿ ಮಿಸ್ಸಿಂಗ್ ಇದ್ದರೆ ಕಾರ್ಬುರೇಟರ್ ಮುಟ್ಟಬೇಡಿ.

ಯಾವ ಸಿಲಿಂಡರ್ ಅಂತ ಹುಡುಕುವುದು ಸುಲಭ. ಎಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಕೆಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ಎಳೆಯಿರಿ. ಯಾವುದನ್ನು ಎಳೆದರೆ ನಡುಕ ಹೆಚ್ಚುತ್ತದೋ ಆ ಸಿಲಿಂಡರ್ ಸರಿ ಇದೆ. ಯಾವುದನ್ನು ಎಳೆದರೂ ಏನೂ ಆಗುವುದಿಲ್ಲವೋ ಅದೇ ಕಳ್ಳ. ಇದು ಪಾಯಿಂಟ್ ಇಗ್ನಿಷನ್ ಇರುವ ಹಳೇ ಗಾಡಿಗೆ ಮಾತ್ರ. ಹೊಸ ಎಲೆಕ್ಟ್ರಾನಿಕ್ ಗಾಡಿಯಲ್ಲಿ ಹೀಗೆ ಮಾಡಿದರೆ ದುಬಾರಿ ಬಿಲ್ ಬರಬಹುದು. ಸಿಕ್ಕಿದ ಸಿಲಿಂಡರಿನ ಪ್ಲಗ್ ಮತ್ತು ವೈರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ತೊಂದರೆ ಅವುಗಳ ಜೊತೆ ಹೊರಟರೆ ಪ್ಲಗ್ಗಿನದೋ ವೈರಿನದೋ ತಪ್ಪು. ಅಲ್ಲೇ ಉಳಿದರೆ ವಾಲ್ವನ್ನು ತಳ್ಳಿ ತೆರೆಯುವ ಟ್ಯಾಪೆಟ್ ನೋಡಿ. ಟಿಕಟಿಕ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಅಪಾಯ. ಅಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಸೋರುತ್ತಿರಬಹುದು. ಅದೂ ಸರಿ ಇದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಅನ್ನುವುದನ್ನು, ಅಳೆಸಬೇಕು.

ಮೂರು ಸಿಲಿಂಡರಿನ ಮಾರುತಿ 800ರಲ್ಲಿ ಒಂದು ಸಿಲಿಂಡರ್ ಸತ್ತರೆ ಇಡೀ ಕಾರು ಕುಣಿಯುತ್ತದೆ, ಹುಡುಕುವ ಅಗತ್ಯವೂ ಇರುವುದಿಲ್ಲ.

ಎರಡನೇ ಥರದ ನಡುಕಕ್ಕೆ ಲೆಕ್ಕವಿಲ್ಲ. ಎಂಜಿನ್ ಏರುತ್ತದೆ, ಇಳಿಯುತ್ತದೆ, ಒಮ್ಮೆ ಉಸಿರು ಕಟ್ಟುತ್ತದೆ, ಮತ್ತೆ ಸುಧಾರಿಸಿಕೊಳ್ಳುತ್ತದೆ. ಎಲ್ಲ ಸಿಲಿಂಡರಿಗೂ ಒಟ್ಟಿಗೇ ಏನೋ ತಪ್ಪಿದೆ. ಆಗಲೂ ಮೊದಲು ಡೆಲ್ಕೊ ಮುಚ್ಚಳ ತೆಗೆಯಿರಿ. ಎಲ್ಲ ಸಿಲಿಂಡರಿಗೂ ಕಿಡಿ ಹಂಚುವುದು ಅದೇ ತಾನೆ. ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಸಿಬಿ ಪಾಯಿಂಟ್ ಸುಟ್ಟು ಗುಳಿ ಬಿದ್ದಿದೆಯಾ, ಅಂತರ ಸುಮಾರು 0.4 ಮಿ.ಮೀ.ಗಿಂತ ತೀರಾ ಕಡಿಮೆಯಾಗಿದೆಯಾ, ಕಂಡೆನ್ಸರ್ ಹಳೆಯದಾ? ಕಡಿಮೆ ಖರ್ಚು, ಅರ್ಧ ಗಂಟೆ ಕೆಲಸ. ಕಿಡಿ ಸರಿ ಇದೆ ಅಂತ ಖಾತ್ರಿಯಾಗದೆ ಪೆಟ್ರೋಲ್ ಕಡೆ ಹೋಗುವುದು ದಂಡ.

ಚೋಕ್ ಹೇಳುವ ಸತ್ಯ

ಕಿಡಿ ಸರಿ ಇದ್ದೂ ನಡುಗುತ್ತಿದೆ ಅಂದುಕೊಳ್ಳಿ. ಈಗ ತಿಳಿಯಬೇಕಾದ್ದು ಒಂದೇ, ರಿಚ್ಚೋ ಲೀನೋ? ಇದಕ್ಕೆ ಯಾವ ಯಂತ್ರವೂ ಬೇಡ. ಎಂಜಿನ್ ಬಿಸಿಯಾದ ಮೇಲೆ, ಅದು ನಡುಗುತ್ತಿರುವಾಗ, ಚೋಕ್ ಗುಂಡಿಯನ್ನು ಸ್ವಲ್ಪವೇ ಎಳೆಯಿರಿ. ಚೋಕ್ ಅಂದರೆ ಗಾಳಿಯ ಪಾಲಿಗೆ ಪೆಟ್ರೋಲ್ ಜಾಸ್ತಿ ಮಾಡುವುದು. ಎಳೆದಾಗ ಎಂಜಿನ್ ನೆಟ್ಟಗಾದರೆ ಅದು ಹಸಿದಿತ್ತು, ಅಂದರೆ ಲೀನ್. ಎಳೆದಾಗ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಅದಕ್ಕೆ ಆಗಲೇ ಅಜೀರ್ಣ, ಅಂದರೆ ರಿಚ್. ಇಡೀ ಹುಡುಕಾಟ ಇಲ್ಲಿಂದ ಎರಡು ದಾರಿ ಹಿಡಿಯುತ್ತದೆ. ತಪ್ಪು ದಾರಿ ಹಿಡಿದರೆ ಮೂರು ಸಲ ಬಿಚ್ಚಿದರೂ ಸಿಗುವುದಿಲ್ಲ.

ಪ್ಲಗ್ ಕೂಡ ಸಾಕ್ಷಿ ಹೇಳುತ್ತದೆ. ಬಿಚ್ಚಿ ನೋಡಿ. ಒಳಗಿನ ಬಿಳಿ ಪಿಂಗಾಣಿ ತುದಿ ಮೈಸೂರು ಪಾಕಿನ ಬಣ್ಣಕ್ಕೆ ಬಂದಿದ್ದರೆ ಸುಖ. ಒಣ ಕಾಡಿಗೆ ಮೆತ್ತಿದಂತಿದ್ದರೆ ರಿಚ್. ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್. ಕಪ್ಪಗಿದ್ದು ಎಣ್ಣೆ ಜಿಡ್ಡಿದ್ದರೆ ಅದು ಪಿಸ್ಟನ್ ರಿಂಗಿನ ಅಥವಾ ವಾಲ್ವ್ ಗೈಡಿನ ಕಥೆ, ಇಲ್ಲಿ ಬೇಡ.

ಲೀನ್ ಆದರೆ ಕಾರಣ ಎರಡರಲ್ಲಿ ಒಂದು. ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಕಳ್ಳದಾರಿಯಲ್ಲಿ ಗಾಳಿ ಜಾಸ್ತಿ ಬರುತ್ತಿದೆ. ನಮ್ಮ ಕಾರಿನದ್ದು ಎರಡನೆಯದು. ಸೋಲೆಕ್ಸ್ ಕೂರುವುದು ಎರಡೇ ನಟ್ಟಿನ ಮೇಲೆ. ಪ್ರತಿ ಸಲ ಬಿಚ್ಚಿ ಹಾಕುವಾಗಲೂ ಆ ಗ್ಯಾರೇಜಿನ ಹುಡುಗ ಎರಡೂ ನಟ್ಟನ್ನು ಪ್ರಾಣ ಹೋಗುವಷ್ಟು ಬಿಗಿ ಮಾಡುತ್ತಿದ್ದ. ಮೆತ್ತನೆ ಲೋಹದ ತಳ ಎರಡು ತುದಿಯಲ್ಲಿ ಕೆಳಗೆ ಬಗ್ಗಿ ನಡುವೆ ಬಿಲ್ಲಿನಂತೆ ಎದ್ದಿತ್ತು. ಆ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಹೊಸ ಪ್ಯಾಕಿಂಗ್ ಹಾಕಿದ ಎರಡು ವಾರ ಅದು ಸಂದಿ ಮುಚ್ಚುತ್ತಿತ್ತು, ಪ್ಯಾಕಿಂಗ್ ಅಮುಕಿದ ಮೇಲೆ ಮತ್ತೆ ಶುರು. ಅಂದರೆ ರಿಪೇರಿಯೇ ರೋಗ. ಕೊನೆಗೆ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ತಳವನ್ನು ಗಾಜಿನ ಮೇಲೆ ಉಪ್ಪುಕಾಗದ ಹಾಸಿ ತಿಕ್ಕಿ ಸಮ ಮಾಡಿದರು. ಅಷ್ಟೇ. ಜೆಟ್‌ಗಳನ್ನು ಅವರು ಮುಟ್ಟಲೂ ಇಲ್ಲ.

ಗಾಳಿ ಸೋರಿಕೆ ಹುಡುಕಲು ಸೋಪು ನೀರು ಸಾಕು. ಐಡ್ಲಿಂಗಿನಲ್ಲಿ ಓಡುತ್ತಿರುವಾಗ ಕಾರ್ಬುರೇಟರಿನ ತಳಕ್ಕೆ, ಸಿಲಿಂಡರುಗಳಿಗೆ ಮಿಶ್ರಣ ಹಂಚುವ ಮ್ಯಾನಿಫೋಲ್ಡ್ ಸೇರುವ ಕಡೆಗೆ, ರಬ್ಬರ್ ನಳಿಗೆಗಳ ತುದಿಗೆ ಒಂದೊಂದೇ ಕಡೆ ಚಿಮುಕಿಸಿ. ಸೋರುವ ಕಡೆ ನೀರು ಬಿದ್ದ ಕ್ಷಣ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇದೆ, ಮರೆಯಬೇಡಿ. ಥ್ರಾಟಲ್ ತಟ್ಟೆ ಕೂತಿರುವ ಕಡ್ಡಿಯನ್ನೂ ಅಲ್ಲಾಡಿಸಿ ನೋಡಿ. ಮೂವತ್ತು ನಲವತ್ತು ವರ್ಷ ತಿರುಗಿ ಅದರ ತೂತು ದೊಡ್ಡದಾಗಿರುತ್ತದೆ, ಅಲ್ಲಿಂದಲೂ ಗಾಳಿ ಬರುತ್ತದೆ. ಅದಕ್ಕೆ ಲೇತ್ ಕೆಲಸದವರ ಹತ್ತಿರ ಹೊಸ ಬುಷ್ ಹಾಕಿಸಬೇಕು. ಎಷ್ಟು ಕ್ಲೀನ್ ಮಾಡಿದರೂ ಅದು ಹೋಗದು. ಒಂದು ಸಿಲಿಂಡರಿನ ಬಾಯಿಯ ಹತ್ತಿರವೇ ಸೋರಿಕೆ ಇದ್ದರೆ ಅದೊಂದೇ ಮಿಸ್ ಹೊಡೆಯಬಹುದು. ಮೇಲೆ ಹೇಳಿದ ಪಂಕ್ತಿ ಊಟದ ನಿಯಮಕ್ಕೆ ಇದೊಂದು ಅಪವಾದ.

ಎರಡು ಸ್ಕ್ರೂ, ಒಂದು ತೂತು

ಗಾಳಿ ಎಲ್ಲೂ ಸೋರುತ್ತಿಲ್ಲ, ಆದರೂ ಲೀನ್ ಅಂದರೆ ಪೈಲಟ್ ಜೆಟ್ ಕಟ್ಟಿದೆ. ಅದನ್ನು ತೆಗೆಯಲು ಇಡೀ ಕಾರ್ಬುರೇಟರ್ ಇಳಿಸಬೇಕಾಗಿಲ್ಲ. ಸೋಲೆಕ್ಸ್‌ನಲ್ಲಿ ಹೊರಗಿನಿಂದಲೇ ಬಿಚ್ಚಬಹುದು. ತೂತನ್ನು ಬೆಳಕಿಗೆ ಹಿಡಿದು ನೋಡಿ, ಕ್ಲೀನರ್ ಹಾಕಿ, ಗಾಳಿ ಊದಿ. ಸೈಕಲ್ ಪಂಪೂ ಆಗುತ್ತದೆ. ಗುಂಡುಸೂಜಿ, ತಂತಿ ಮಾತ್ರ ಬೇಡ. 0.45 ಮಿ.ಮೀ. ತೂತು ಉಜ್ಜಿ ಉಜ್ಜಿ 0.50 ಆದರೆ ನೋಡಲು ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ತೂತಿನ ವಿಸ್ತೀರ್ಣ ಸುಮಾರು ಶೇ 23 ಹೆಚ್ಚಾಗಿರುತ್ತದೆ. ಆಮೇಲೆ ಆ ಕಾರು ಯಾವ ಟ್ಯೂನಿಂಗಿಗೂ ಬಗ್ಗುವುದಿಲ್ಲ.

ಈಗ ಟ್ಯೂನಿಂಗ್. ಕಾರ್ಬುರೇಟರಿನ ಹೊರಗೆ ಎರಡು ಸ್ಕ್ರೂ ಇರುತ್ತವೆ. ಒಂದು ಥ್ರಾಟಲ್ ತಟ್ಟೆ ಎಷ್ಟು ತೆರೆದು ನಿಲ್ಲಬೇಕು ಅನ್ನುವುದಕ್ಕೆ, ಇನ್ನೊಂದು ಪೈಲಟ್ ದಾರಿಯ ಮಿಶ್ರಣ ಎಷ್ಟು ಇಳಿಯಬೇಕು ಅನ್ನುವುದಕ್ಕೆ. ಎರಡನೆಯದು ಮೊನೆಯುಳ್ಳ ಮಿಕ್ಸ್ಚರ್ ಸ್ಕ್ರೂ. ಸೋಲೆಕ್ಸ್‌ನಲ್ಲಿ ಅದನ್ನು ಒಳಗೆ ತಿರುಗಿಸಿದರೆ ಲೀನ್, ಹೊರಗೆ ತಿರುಗಿಸಿದರೆ ರಿಚ್. ಬೆರಳಿನಷ್ಟೇ ಬಲದಲ್ಲಿ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಬಯಲಿನಲ್ಲೇ ಮಾಡಿ, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ. ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಗೆ ತಿರುಗಿಸುತ್ತಾ ಬನ್ನಿ, ಎಂಜಿನ್ ಮುಗ್ಗರಿಸುವವರೆಗೆ. ಅಲ್ಲಿಂದ ಹೊರಗೆ ತಿರುಗಿಸಿ. ಎಂಜಿನ್ ನೆಟ್ಟಗಾಗಿ, ವೇಗ ಏರಿ, ಆಮೇಲೆ ಮತ್ತೆ ಭಾರವಾಗಿ ತೂಗಾಡತೊಡಗುತ್ತದೆ. ಈ ಎರಡರ ನಡುವೆ, ಎಲ್ಲಿ ಅತಿ ಜೋರಾಗಿ ನಯವಾಗಿ ಓಡುತ್ತದೋ ಅಲ್ಲಿ ಬಿಡಿ. ವೇಗ ಜಾಸ್ತಿಯಾಗಿದ್ದರೆ ಥ್ರಾಟಲ್ ಸ್ಕ್ರೂವಿನಿಂದ ಇಳಿಸಿ. ಮತ್ತೆ ಮಿಕ್ಸ್ಚರ್, ಮತ್ತೆ ಥ್ರಾಟಲ್. ಮೂರು ಸುತ್ತಿನಲ್ಲಿ ಮುಗಿಯುತ್ತದೆ.

ಈ ಮಿಕ್ಸ್ಚರ್ ಸ್ಕ್ರೂ ಟ್ಯೂನಿಂಗಿಗಿಂತ ಪರೀಕ್ಷೆಗೇ ಹೆಚ್ಚು ಉಪಯೋಗ. ಅದನ್ನು ಪೂರ್ತಿ ಒಳಗೆ ತಿರುಗಿಸಿದರೂ ಎಂಜಿನ್ ನಿಲ್ಲದೆ ಓಡುತ್ತಲೇ ಇದ್ದರೆ ಎಚ್ಚರ. ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ. ಬಹಳ ಸಲ ಆಗಿರುವುದು ಇಷ್ಟು: ನಡುಗುವ ಎಂಜಿನ್ ನಿಲ್ಲದಿರಲಿ ಅಂತ ಯಾರೋ ಥ್ರಾಟಲ್ ಸ್ಕ್ರೂ ಏರಿಸಿರುತ್ತಾರೆ. ತಟ್ಟೆ ಜಾಸ್ತಿ ತೆರೆದು, ಅದರ ಅಂಚಿನಲ್ಲಿರುವ ಇನ್ನೊಂದು ಜೊತೆ ತೂತುಗಳಿಂದ ಎಂಜಿನ್ ಊಟ ಮಾಡುತ್ತಿರುತ್ತದೆ. ಪೈಲಟ್ ಜೆಟ್ ಕಟ್ಟಿದ್ದೋ ಗಾಳಿ ಸೋರುತ್ತಿದ್ದದ್ದೋ ಅದರಡಿ ಮುಚ್ಚಿಹೋಗಿರುತ್ತದೆ. ಹಾಗೆ ಏರಿಸಿದ ಸ್ಕ್ರೂವನ್ನು ಮೊದಲು ಇಳಿಸಿ, ಆಮೇಲೆ ಹುಡುಕಿ.

ರಿಚ್ ಆದಾಗ ನೋಡುವುದು ತೊಟ್ಟಿಯನ್ನು. ಅದರಲ್ಲಿ ತೇಲುವ ಫ್ಲೋಟ್ ಮೇಲೆ ಬಂದಾಗ ನೀಡಲ್ ವಾಲ್ವ್ ಪೆಟ್ರೋಲ್ ನಿಲ್ಲಿಸಬೇಕು. ಮನೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಥರ. ನೀಡಲ್ ಸವೆದಿದ್ದರೆ ಅಥವಾ ಅದರ ಬಾಯಲ್ಲಿ ಕಸ ಕೂತಿದ್ದರೆ ಟ್ಯಾಂಕ್ ತುಂಬಿ ಹರಿದಂತೆ ಇಲ್ಲೂ 'ಓವರ್‌ಫ್ಲೋ'. ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಚೋಕ್ ಕೇಬಲ್ ಪೂರ್ತಿ ವಾಪಸ್ ಬರುತ್ತಿದೆಯಾ ಅಂತಲೂ ನೋಡಿ. ಗುಂಡಿ ಒಳಗೆ ಹೋಗಿದ್ದರೂ ಆ ಕಡೆ ಚೋಕ್ ಅರ್ಧ ಕೆಲಸ ಮಾಡುತ್ತಲೇ ಇರುವುದು ಎಷ್ಟೋ ಸಲ ನೋಡಿದ್ದೇನೆ.

ಟ್ಯಾಂಕಿನಿಂದ ಎಂಜಿನ್ನಿನವರೆಗೆ

ಪೆಟ್ರೋಲ್ ತೊಟ್ಟಿಗೆ ಬರುವ ಮೊದಲೇ ತೊಂದರೆ ಇರಬಹುದು. ಮೆಕ್ಯಾನಿಕಲ್ ಪಂಪಿನ ರಬ್ಬರ್ ಪರದೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ತಾನಾಗಿ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಕಾರು ಓಡಿಸಲೇಬೇಡಿ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಹೋಗುತ್ತದೆ.

ಇನ್ನೊಂದು ಮಜಾ ತೊಂದರೆ ಇದೆ. ಕಾರು ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಹತ್ತು ನಿಮಿಷ ಕಾದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ನಾನು ತುಮಕೂರು ರಸ್ತೆಯಲ್ಲಿ ಮೂರು ಕಡೆ ಹೀಗೆ ನಿಂತು ಟೀ ಕುಡಿದಿದ್ದೇನೆ. ಕಾರಣ ಟ್ಯಾಂಕಿನ ಮುಚ್ಚಳ. ಹಳೆಯದು ಕಳೆದುಹೋಗಿ ಅಂಗಡಿಯಿಂದ ತಂದ ಹೊಸದಕ್ಕೆ ಗಾಳಿ ಕಿಂಡಿ ಇರಲಿಲ್ಲ. ಪೆಟ್ರೋಲ್ ಖಾಲಿಯಾದಷ್ಟೂ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲೇ ಎಳೆತ ಹುಟ್ಟಿ ಪಂಪ್ ಸೋಲುತ್ತಿತ್ತು. ನಿಂತಾಗ ಮುಚ್ಚಳ ತೆಗೆದು ನೋಡಿ, 'ಸುಸ್' ಅಂತ ಗಾಳಿ ಒಳಗೆ ಹೋದರೆ ಇದೇ.

ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಏಪ್ರಿಲ್ ಬಿಸಿಲಿಗೆ ನಿಲ್ಲುವ ಕಾರಿನ ಕಥೆ ಬೇರೆ. ಬಿಸಿ ಎಂಜಿನ್ನಿಗೆ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತದೆ, ಪಂಪ್ ಆವಿಯನ್ನು ತಳ್ಳಲಾರದು. ಹಳೇ ಟ್ಯಾಕ್ಸಿ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಈಗಲೂ ಅದಕ್ಕಿಂತ ಒಳ್ಳೇ ಉಪಾಯ ನನಗೆ ಗೊತ್ತಿಲ್ಲ.

ಈಗಿನ ಪೆಟ್ರೋಲ್‌ನ ವಿಷಯಕ್ಕೆ ಬರೋಣ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ಒಂದು ಕೆಜಿ ಎಥನಾಲ್ ಉರಿಯಲು ಸುಮಾರು 9 ಕೆಜಿ ಗಾಳಿ ಸಾಕು. ಹಾಗಾಗಿ ಇ20ಗೆ ಬೇಕಾದ ಗಾಳಿ ಸುಮಾರು 13.5 ಪಾಲಿಗೆ ಇಳಿಯುತ್ತದೆ. ಹೊಸ ಕಾರಿನ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಮೂಸಿ ನೋಡಿ ಪೆಟ್ರೋಲ್ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಮೂಗಿಲ್ಲ. ಅದು ಮೊದಲಿನಷ್ಟೇ ಬಡಿಸುತ್ತದೆ, ಎಂಜಿನ್ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಮೊದಲೇ ಸ್ವಲ್ಪ ಗಾಳಿ ಸೋರುತ್ತಿದ್ದ ಕಾರು ಇ20 ಹಾಕಿದ ಮೇಲೆ ಸಿಗ್ನಲ್‌ನಲ್ಲಿ ನಿಂತೇ ಹೋಗುವುದು ಇದರಿಂದ. ಜೊತೆಗೆ ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಹಳೇ ಜಿಗುಟನ್ನು ಸಡಿಲಿಸಿ ಮುಂದೆ ತಳ್ಳುತ್ತದೆ, ಗಾಳಿಯ ತೇವ ಹೀರುತ್ತದೆ. ಫಿಲ್ಟರಿನಲ್ಲಿ ಕಪ್ಪು ಪುಡಿ ಕಂಡರೆ ಅದು ನಿಮ್ಮ ಪೆಟ್ರೋಲ್ ನಳಿಗೆಯ ಒಳಮೈ. ಎಥನಾಲ್ ತಾಳುವ ಹೊಸ ನಳಿಗೆ, ಪಂಪಿನ ಪರದೆ ಹಾಕಿಸಿ. ತಿಂಗಳುಗಟ್ಟಲೆ ಓಡಿಸದೆ ಇಡುವುದಿದ್ದರೆ ತೊಟ್ಟಿಯ ಪೆಟ್ರೋಲ್ ಖಾಲಿ ಮಾಡಿ ಇಡಿ.

ಬೆಂಗಳೂರಿನವರಿಗೆ ಇಲ್ಲೊಂದು ಸಣ್ಣ ಅನುಕೂಲ ಇದೆ. ಊರು 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಗಾಳಿ ತೆಳು, ಕಾರ್ಬುರೇಟರ್ ತಾನಾಗಿಯೇ ಸ್ವಲ್ಪ ರಿಚ್ ಆಗುತ್ತದೆ. ಇ20 ಲೀನ್ ಮಾಡಿದ್ದನ್ನು ಎತ್ತರ ಒಂದಿಷ್ಟು ಸರಿದೂಗಿಸುತ್ತದೆ. ಮಂಗಳೂರಿನವರಿಗೆ ಈ ಸೌಲಭ್ಯ ಇಲ್ಲ. ಎಂಜಿನ್ನಿನ ಎಳೆತವನ್ನು ಪಾದರಸದ ಇಂಚುಗಳಲ್ಲಿ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರು ಇದನ್ನೇ ಇನ್ನೊಂದು ಕಡೆ ನೋಡಬಹುದು. ಪುಸ್ತಕ 18ರಿಂದ 20 ಇಂಚು ಅಂದರೆ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆ ಬಂದರೂ ಎಂಜಿನ್ ಸರಿ ಇದೆ ಎಂದೇ ಅರ್ಥ.

ನಮ್ಮ ಕಾರಿನ ಬಾನೆಟ್ ಒಳಗೆ ಅಪ್ಪ ಪೆನ್ಸಿಲಿನಲ್ಲಿ 'ಮಿಕ್ಸ್ಚರ್ ಒಂದೂವರೆ' ಅಂತ ಬರೆದಿದ್ದರು. ಅದರ ಕೆಳಗೆ ನಾನು 'ಈಗ ಒಂದೂ ಮುಕ್ಕಾಲು, ಘಟ್ಟ ಇಳಿದರೆ ಎರಡು' ಅಂತ ಸೇರಿಸಿದ್ದೇನೆ. ಪಕ್ಕದಲ್ಲೇ ದೊಡ್ಡದಾಗಿ, ಗ್ಯಾರೇಜಿನವರಿಗೆ ಕಾಣುವ ಹಾಗೆ: 'ಎರಡು ನಟ್, ಮೆತ್ತಗೆ.'